ಚಾಕೊಲೇಟ್ ತಿಂದ ನಮ್ಮ ಹುಡುಗ, ಪಾಪದ ವಾಲ್ಟರ್ ಮಿಶೆಲ್

ತಲೆ ಕೆಟ್ಟು ಹೋಗಿದೆ. ಬರೆದರೆ ಸ್ವಲ್ಪ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಮಾತ್ರ ಓದಿ.

ತಂಗಿಯ ಮಗನ ಶಾಲೆಯಲ್ಲಿ ಇವತ್ತು ಪೋಷಕರ ಸಭೆ. ಹುಡುಗನಿಗೆ ಆರು ವರ್ಷ, ಒಂದನೇ ಕ್ಲಾಸು. ತಂಗಿಯ ಗಂಡನಿಗೆ ರಜೆ ಸಿಗಲಿಲ್ಲ. "ಅಕ್ಕಾ, ನೀನೇ ಬಾ, ನಿಂಗೆ ಇದೆಲ್ಲ ಗೊತ್ತಾಗುತ್ತೆ" ಅಂದಳು. ಇಪ್ಪತ್ತೆರಡು ವರ್ಷ ಪಿಯು ಮಕ್ಕಳಿಗೆ ಸೈಕಾಲಜಿ ಪಾಠ ಮಾಡಿದವಳು ಅಂತ ನನ್ನ ಮೇಲೆ ಇನ್ನೂ ಗೌರವ ಇಟ್ಟುಕೊಂಡಿರುವುದು ಅವಳೊಬ್ಬಳೇ.

ಸಭೆ ಅಂದರೆ ಟೀಚರ್ ಹತ್ತಿರ ಎರಡು ಮಾತು, ನೋಟ್‌ಬುಕ್ ತಿರುವಿ ನೋಡುವುದು, ಮನೆಗೆ ಬರುವುದು ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ವೇದಿಕೆ, ಸ್ಕ್ರೀನು, ಬೆಂಗಳೂರಿನಿಂದ ಬಂದ ಒಬ್ಬ ಟ್ರೇನರ್. ಶಿವಮೊಗ್ಗದ ಈ ಸೆಖೆಯಲ್ಲೂ ಕೋಟು. ಕೆನ್ನೆಗೆ ಅಂಟಿದ ಮೈಕು. ಸ್ಕ್ರೀನ್ ಮೇಲೆ ದಪ್ಪ ಅಕ್ಷರ: 'ನಿಮ್ಮ ಮಗುವಿನ ಭವಿಷ್ಯ, ಐದೇ ನಿಮಿಷದಲ್ಲಿ'. ಬಸ್ ಸ್ಟ್ಯಾಂಡಿನಲ್ಲಿ ಗಿಳಿ ಶಾಸ್ತ್ರ ಹೇಳುವವನೂ ಇದಕ್ಕಿಂತ ಜಾಸ್ತಿ ಟೈಮ್ ತಗೊಳ್ತಾನೆ.

ಹನ್ನೆರಡು ಮಕ್ಕಳನ್ನು ವೇದಿಕೆ ಮೇಲೆ ಕೂರಿಸಿದರು. ಒಬ್ಬೊಬ್ಬರ ಮುಂದೆ ಒಂದೊಂದು ಚಾಕೊಲೇಟ್. "ಅಂಕಲ್ ಐದು ನಿಮಿಷ ನಿಮ್ಮ ಅಪ್ಪ ಅಮ್ಮನ ಹತ್ರ ಮಾತಾಡಿ ಬರ್ತೀನಿ. ಅಲ್ಲೀವರೆಗೂ ಯಾರು ತಿನ್ನಲ್ವೋ ಅವರಿಗೆ ಇನ್ನೊಂದು." ಅಂಕಲ್ ಬೆನ್ನು ತಿರುಗಿಸುವುದರೊಳಗೆ ನಮ್ಮ ಹುಡುಗ ಕವರ್ ಬಿಚ್ಚಿ ಆಗಿತ್ತು. ಮೂತಿಗೆಲ್ಲ ಮೆತ್ತಿಕೊಂಡು ನಮ್ಮ ಕಡೆ ನೋಡಿ ನಕ್ಕ. ತಂಗಿ ತಲೆ ತಗ್ಗಿಸಿದಳು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಐದು ನಿಮಿಷ ಆದ ಮೇಲೆ ಆ ಮನುಷ್ಯ ಜೇಬಿನಿಂದ ಸ್ಟಿಕ್ಕರ್ ತೆಗೆದ. ಕಾದವರ ಅಂಗಿಗೆ ಹಸಿರು, 'ಲೀಡರ್'. ಅರ್ಧಕ್ಕೆ ಸೋತವರಿಗೆ ಹಳದಿ. ನಮ್ಮವನಿಗೂ ಇನ್ನೊಂದು ಪುಟ್ಟ ಹುಡುಗಿಗೂ ಕೆಂಪು. ಮೇಲೆ 'ಇಂಪಲ್ಸಿವ್' ಅಂತ ಬರೆದಿತ್ತು. ಹಣೆಪಟ್ಟಿ ಹಚ್ಚುವುದು ಅಂತ ನಾವು ಮಾತಿಗೆ ಹೇಳುತ್ತೇವೆ. ಇವನು ನಿಜವಾಗಿಯೂ ಹಚ್ಚಿಬಿಟ್ಟ. ಪ್ರಿಂಟ್ ಮಾಡಿಸಿ, ಗೋಂದು ಹಾಕಿಸಿ.

ಆಮೇಲೆ ಸ್ಕ್ರೀನ್ ಮೇಲೆ ಒಂದು ಫೋಟೋ ಬಂತು. ಬೋಳು ತಲೆಯ ಒಬ್ಬ ಮುದುಕರು. "ಇವರು ಅಮೆರಿಕದ ಸೈಕಾಲಜಿ ಪ್ರೊಫೆಸರ್ ವಾಲ್ಟರ್ ಮಿಚೆಲ್. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ನಮ್ಮ ಹಿರಿಯರು ಹೇಳಿದ್ದನ್ನ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೂವ್ ಮಾಡಿದವರು."

ನಾನು ಎದ್ದು ನಿಂತೆ. "ಮಿಚೆಲ್ ಅಲ್ಲ, ಮಿಶೆಲ್. ಮತ್ತೆ ಅವರು ಪ್ರೂವ್ ಮಾಡಿದ್ದು ಅದಲ್ಲ" ಅಂದೆ. "ಪ್ರಶ್ನೆಗಳನ್ನ ಕೊನೆಗೆ ತಗೊಳ್ತೀನಿ ಮೇಡಂ" ಅಂದ. ಕೊನೆಗೆ ತಗೊಂಡಿದ್ದು ಪ್ರಶ್ನೆ ಅಲ್ಲ, ಹನ್ನೆರಡು ವಾರದ ಕೋರ್ಸಿಗೆ ಅಡ್ವಾನ್ಸು. ಕೆಂಪು ಸ್ಟಿಕ್ಕರ್ ಮಕ್ಕಳ ಅಪ್ಪ ಅಮ್ಮ ಮೊದಲು ಸಾಲು ಹಚ್ಚಿದ್ದರು. ನನ್ನ ತಂಗಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಆ ಹಾಲಿನಲ್ಲಿ ಹೇಳಲು ಬಿಡದ್ದನ್ನು ಇಲ್ಲಿ ಹೇಳುತ್ತೇನೆ. ವಾಲ್ಟರ್ ಮಿಶೆಲ್ ತಮ್ಮ ಜೀವಮಾನವೆಲ್ಲ ಹೋರಾಡಿದ್ದು ಈ ಸ್ಟಿಕ್ಕರ್ ವಿರುದ್ಧವೇ. ಅವರ ಹೆಸರನ್ನೇ ಗೋಂದು ಮಾಡಿಕೊಂಡು ಮಕ್ಕಳ ಎದೆಗೆ ಸ್ಟಿಕ್ಕರ್ ಅಂಟಿಸುತ್ತಿದ್ದಾರೆ. ಇದಕ್ಕಿಂತ ಅನ್ಯಾಯ ಒಬ್ಬ ವಿದ್ವಾಂಸನಿಗೆ ಏನು ಮಾಡಲು ಸಾಧ್ಯ?

ಮಿಶೆಲ್ ಹುಟ್ಟಿದ್ದು 1930ರಲ್ಲಿ, ವಿಯೆನ್ನಾದಲ್ಲಿ. ಫ್ರಾಯ್ಡ್ ಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಯಹೂದಿ ಕುಟುಂಬ. 1938ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಎಂಟು ವರ್ಷದ ಹುಡುಗ ಅಪ್ಪ ಅಮ್ಮನ ಜೊತೆ ಊರು ಬಿಟ್ಟ. ಕೊನೆಗೆ ನೆಲೆ ನಿಂತದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಮನೆಯವರದು ಚಿಲ್ಲರೆ ಸಾಮಾನಿನ ಸಣ್ಣ ಅಂಗಡಿ. ಹುಡುಗ ಲಿಫ್ಟ್ ನಡೆಸಿದ, ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ದುಡಿದ, ಓದಿದ. 'ನೀನು ಇಂಥವನು' ಅಂತ ಒಂದೇ ಪದದಲ್ಲಿ ತೀರ್ಮಾನ ಮಾಡುವವರಿಂದ ತಪ್ಪಿಸಿಕೊಂಡು ಬಂದವನು ಮುಂದೆ ಅದೇ ತೀರ್ಮಾನಗಳ ಬೆನ್ನು ಹತ್ತಿದ. ಎರಡಕ್ಕೂ ಗಂಟು ಹಾಕುವುದು ಸುಲಭ. ನಾನು ಹಾಕುವುದಿಲ್ಲ, ಯೋಚನೆ ಬಂತು ಅಷ್ಟೇ.

ಓಹಾಯೊದಲ್ಲಿ ಪಿಎಚ್‌ಡಿ ಮಾಡುವ ಕಾಲಕ್ಕೆ ಮಿಶೆಲ್ ಟ್ರಿನಿಡಾಡ್ ದ್ವೀಪಕ್ಕೆ ಹೋದರು. ಅಲ್ಲಿ ಎರಡು ಬಗೆಯ ಜನ. ಆಫ್ರಿಕಾ ಮೂಲದವರು ಒಂದು ಕಡೆ, ಕಬ್ಬಿನ ತೋಟಕ್ಕೆ ಕೂಲಿಗೆಂದು ಇಲ್ಲಿಂದ ಹಡಗು ಹತ್ತಿಸಿದ ನಮ್ಮ ಜನರ ಮೊಮ್ಮಕ್ಕಳು ಇನ್ನೊಂದು ಕಡೆ. ಒಬ್ಬರಿಗೊಬ್ಬರು ಹಚ್ಚಿದ ಹಣೆಪಟ್ಟಿ ಕೇಳಿ. "ಆ ಕರಿಯರಿಗೆ ನಾಳೆ ಅನ್ನೋದೇ ಇಲ್ಲ, ಇವತ್ತು ತಿಂದು ಕುಡಿದು ಕುಣಿಯೋದು" ಅಂತ ಇವರು. "ಈ ಇಂಡಿಯನ್ನರು ದುಡ್ಡನ್ನ ಹಾಸಿಗೆ ಕೆಳಗೆ ಬಚ್ಚಿಟ್ಟು ಸಾಯ್ತಾರೆ, ಬದುಕೋದೇ ಗೊತ್ತಿಲ್ಲ" ಅಂತ ಅವರು. ನಮ್ಮೂರಿನಲ್ಲಿ ಒಂದು ಕೇರಿಯವರು ಇನ್ನೊಂದು ಕೇರಿಯ ಬಗ್ಗೆ ಹೇಳುವ ಧಾಟಿಯೇ, ಅಲ್ವಾ?

ಮಿಶೆಲ್ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕೇಳಿದರು: ಈಗಲೇ ಸಣ್ಣ ಮಿಠಾಯಿ ಬೇಕೋ, ಮುಂದಿನ ವಾರ ದೊಡ್ಡದು ಬೇಕೋ? ಮೇಲ್ನೋಟಕ್ಕೆ ಊರ ಮಾತು ನಿಜ ಅನ್ನಿಸಿತು. ಭಾರತೀಯ ಮೂಲದ ಮಕ್ಕಳು ಜಾಸ್ತಿ ಕಾದರು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಮನೆಯಲ್ಲಿ ಅಪ್ಪ ಇದ್ದಾನೋ ಇಲ್ಲವೋ ಅಂತ ನೋಡಿದರು. ಅದನ್ನು ಲೆಕ್ಕಕ್ಕೆ ತಗೊಂಡ ಮೇಲೆ ಜನಾಂಗದ ವ್ಯತ್ಯಾಸ ಕರಗಿ ಹೋಯಿತು. ಕೊಡ್ತೀನಿ ಅಂದ ದೊಡ್ಡವರು ಕೊಡದೇ ಇರುವುದನ್ನು ಕಂಡ ಮಗು ಮುಂದಿನ ವಾರವನ್ನು ಯಾಕೆ ನಂಬಬೇಕು? ಇದು ಪ್ರಕಟವಾಗಿದ್ದು 1958ರಲ್ಲಿ. ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆಯ ಮಿಠಾಯಿ ಇಟ್ಟು ಮಕ್ಕಳನ್ನು ಕಾಯಿಸಿದ ಅವರ ಪ್ರಸಿದ್ಧ ಪ್ರಯೋಗ ಇನ್ನೂ ಹತ್ತು ವರ್ಷ ದೂರ.

1962ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು. ನೈಜೀರಿಯಾಕ್ಕೆ ಟೀಚರ್‌ಗಳಾಗಿ ಹೋಗುವ ಪೀಸ್ ಕೋರ್ ಅನ್ನುವ ಅಮೆರಿಕ ಸರ್ಕಾರದ ಸಂಸ್ಥೆಯ ಸ್ವಯಂಸೇವಕರನ್ನು ಅಳೆಯುವ ಕೆಲಸ ಬಂತು. ಸಂದರ್ಶನ, ತಜ್ಞರ ಮಂಡಳಿ, ಎಲ್ಲ ದೊಡ್ಡ ದೊಡ್ಡ ಏರ್ಪಾಡು. ಆಮೇಲೆ ನೈಜೀರಿಯಾದಲ್ಲಿ ಯಾರು ಹೇಗೆ ಕೆಲಸ ಮಾಡಿದರು ಅಂತ ತಾಳೆ ನೋಡಿದರೆ, ತಜ್ಞರ ಭವಿಷ್ಯವಾಣಿ ಹೆಚ್ಚುಕಮ್ಮಿ ನೀರಿನಲ್ಲಿ ಹೋಮ. ಸ್ವಯಂಸೇವಕರು ತಮ್ಮ ಬಗ್ಗೆ ತಾವೇ ಸರಳವಾಗಿ ಹೇಳಿಕೊಂಡಿದ್ದು ಅದಕ್ಕಿಂತ ವಾಸಿ ಇತ್ತು.

ಅಲ್ಲಿಂದ ಬಂದಿದ್ದು 1968ರ ಪುಸ್ತಕ, 'ಪರ್ಸನಾಲಿಟಿ ಅಂಡ್ ಅಸೆಸ್‌ಮೆಂಟ್'. ಬಾಂಬು ಹಾಕಿದ ಹಾಗಾಯಿತು. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ನೋಡಿ ಒಂದು ಮಾತು ಹೇಳಿದರು. ಒಬ್ಬ ಮನುಷ್ಯನ ಗುಣವನ್ನು ಪರೀಕ್ಷೆಯಲ್ಲಿ ಅಳೆದು, ಅವನು ಒಂದು ನಿರ್ದಿಷ್ಟ ಸಂದರ್ಭದಲ್ಲಿ ಏನು ಮಾಡುತ್ತಾನೆ ಅಂತ ಹೇಳಹೊರಟರೆ, ಎರಡರ ಹೊಂದಿಕೆ 0.30 ದಾಟುವುದು ಅಪರೂಪ. ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0. ಅಂದರೆ ಬಹುಪಾಲು ಕಥೆ ನಮ್ಮ ಅಳತೆಗೋಲಿನ ಹೊರಗೇ ಉಳಿಯಿತು. ಪ್ರಾಮಾಣಿಕತೆಯನ್ನೇ ತಗೊಳ್ಳಿ. ಹಾರ್ಟ್‌ಶೋರ್ನ್ ಮತ್ತು ಮೇ ಅನ್ನುವವರು 1920ರ ದಶಕದಲ್ಲಿ ಸಾವಿರಾರು ಶಾಲಾ ಮಕ್ಕಳನ್ನು ಪರೀಕ್ಷಿಸಿದ್ದರು. ಪರೀಕ್ಷೆಯಲ್ಲಿ ಕಾಪಿ ಹೊಡೆದವನು ಆಟದಲ್ಲೂ ಮೋಸ ಮಾಡುತ್ತಾನೆ ಅಂತ ಹೇಳುವ ಹಾಗಿರಲಿಲ್ಲ. ಕಳ್ಳ ಒಂದು ಕಡೆ ಸಾಚಾ, ಸಾಚಾ ಇನ್ನೊಂದು ಕಡೆ ಕಳ್ಳ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಾನೂ ಇದನ್ನೆಲ್ಲ ಬೋರ್ಡ್ ಮೇಲೆ ಬರೆದು ಪಾಠ ಮಾಡಿದವಳೇ. 0.30 ಅಂತ ಕೆಳಗೆ ಎರಡು ಗೆರೆ ಎಳೆದವಳೇ. ಅದೇ ವರ್ಷ ಒಬ್ಬ ಹುಡುಗಿಯ ಬಗ್ಗೆ ಶರಾ ಬರೆದೆ: 'ಮಾತು ಕಡಿಮೆ, ಆತ್ಮವಿಶ್ವಾಸ ಇಲ್ಲ'. ಕ್ಲಾಸಿನಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ. ಒಂದು ದಿನ ನಮ್ಮ ಮಾವನ ಜೊತೆ ಅಡಿಕೆ ಮಂಡಿಗೆ ಹೋಗಿದ್ದೆ. ಅಲ್ಲಿ ಅವಳು! ಅಪ್ಪನನ್ನು ಹಿಂದೆ ನಿಲ್ಲಿಸಿಕೊಂಡು, ತೂಕದಲ್ಲಿ ಎರಡು ಕೆಜಿ ಯಾಕೆ ಕಳೆದಿರಿ ಅಂತ ಸಾಹುಕಾರರ ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದಳು. ಮಂಡಿಯೆಲ್ಲ ತಿರುಗಿ ನೋಡುತ್ತಿತ್ತು. ನನ್ನನ್ನು ಕಂಡವಳೇ ದನಿ ಇಳಿಸಿ, ತಲೆ ತಗ್ಗಿಸಿ, "ನಮಸ್ತೆ ಮಿಸ್" ಅಂದಳು.

ನನ್ನ ಎದುರು ಮಾತ್ರ ಅವಳಿಗೆ ಮಾತು ಕಡಿಮೆ. ಶರಾ ಬರೆಯಬೇಕಾಗಿದ್ದು ಯಾರ ಬಗ್ಗೆ ಹೇಳಿ? ಅಷ್ಟಾದರೂ ನಾನು ಅದನ್ನು ತಿದ್ದಲಿಲ್ಲ. ರಿಜಿಸ್ಟರ್ ಆಫೀಸಿಗೆ ಹೋಗಿಯಾಗಿತ್ತು, ಮತ್ತೆ ಯಾರು ಕೇಳುವುದು ಅಂತ ಬಿಟ್ಟೆ. ಈಗ ಆ ಟ್ರೇನರ್ ಮೇಲೆ ಇಷ್ಟು ಸಿಟ್ಟು ಬಂದಿದ್ದರಲ್ಲಿ ಅರ್ಧ ಸಿಟ್ಟು ಆ ಶರಾದ್ದು ಇರಬೇಕು.

ಇನ್ನು ಮಾರ್ಷ್‌ಮ್ಯಾಲೋ ವಿಷಯ. ಸ್ಟ್ಯಾನ್‌ಫರ್ಡ್ ಆವರಣದಲ್ಲೇ ಬಿಂಗ್ ಅಂತ ಒಂದು ಶಿಶುವಿಹಾರ. ಬಹುಪಾಲು ಪ್ರೊಫೆಸರ್‌ಗಳ, ಅಲ್ಲಿ ಓದುವವರ ಮಕ್ಕಳು. ಮಿಶೆಲ್ ಅವರ ಮೂರು ಹೆಣ್ಣುಮಕ್ಕಳೂ ಅಲ್ಲೇ ಆಡಿ ಬೆಳೆದವರು. 1960ರ ದಶಕದ ಕೊನೆಗೆ ಪ್ರಯೋಗ ಶುರುವಾಯಿತು. ಒಂದು ಕೋಣೆ, ಒಂದು ಮೇಜು, ಬಾರಿಸಲು ಒಂದು ಗಂಟೆ. ಮಗುವಿಗೆ ಬೇಕಾದ ತಿಂಡಿ ಇಡುತ್ತಿದ್ದರು. ಕೆಲವು ಸಲ ಬಿಸ್ಕತ್ತು, ಪ್ರೆಟ್ಜೆಲ್ ಕೂಡ. ಕಾದರೆ ದೊಡ್ಡದು, ಗಂಟೆ ಹೊಡೆದರೆ ಸಣ್ಣದು. ಹೆಚ್ಚೆಂದರೆ ಹದಿನೈದು ಇಪ್ಪತ್ತು ನಿಮಿಷದ ಆಟ.

ಅವರು ಹುಡುಕುತ್ತಿದ್ದುದು ಯಾವ ಮಗು ಗಟ್ಟಿ, ಯಾವ ಮಗು ಟೊಳ್ಳು ಅಂತ ಅಲ್ಲ. ಅದೇ ವಯಸ್ಸಿನ ಮಕ್ಕಳು ಯಾವಾಗ ಕಾಯುತ್ತಾರೆ, ಯಾವಾಗ ಕಾಯುವುದಿಲ್ಲ ಅಂತ. 1970ರ ಪ್ರಯೋಗದಲ್ಲಿ ತಿಂಡಿ ಕಣ್ಣೆದುರೇ ಇದ್ದಾಗ ಮಕ್ಕಳು ಕಾದದ್ದು ಸರಾಸರಿ ಒಂದು ನಿಮಿಷ. ತಿಂಡಿ ಕಾಣದ ಹಾಗೆ ಇಟ್ಟಾಗ ಹನ್ನೊಂದು ನಿಮಿಷ. ತಟ್ಟೆ ಸರಿಸಿದ್ದಕ್ಕೆ ಹತ್ತು ನಿಮಿಷದ 'ಗುಣ' ಬಂದುಬಿಟ್ಟಿತು! ಆಮೇಲೆ ಇನ್ನೂ ಚಂದದ್ದು. ಎದುರಿಗಿರುವ ತಿಂಡಿಯನ್ನು ಬರೀ ಒಂದು ಚಿತ್ರ ಅಂದುಕೋ, ಸುತ್ತ ಚೌಕಟ್ಟು ಹಾಕಿದ ಹಾಗೆ ಊಹಿಸಿಕೋ ಅಂತ ಹೇಳಿಕೊಟ್ಟರು. ಮಕ್ಕಳು ಸುಮಾರು ಹದಿನೆಂಟು ನಿಮಿಷ ಕೂತರು. ಚಿತ್ರ ತಿನ್ನೋಕಾಗಲ್ವಲ್ಲ ಅಂತ ಒಂದು ಮಗು ವಿವರಣೆಯನ್ನೂ ಕೊಟ್ಟಿತು. ಕೋಣೆ ಅದೇ, ತಿಂಡಿ ಅದೇ, ತಲೆಯೊಳಗಿನ ಚಿತ್ರ ಮಾತ್ರ ಬೇರೆ.

ಹಾಗಾದರೆ ಈ ಭವಿಷ್ಯದ ಕಥೆ ಎಲ್ಲಿಂದ ಬಂತು? ಊಟದ ಮೇಜಿನಿಂದ. ಮಿಶೆಲ್ ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ಮಗಳಂದಿರನ್ನು ಕೇಳುತ್ತಿದ್ದರಂತೆ, ನಿಮ್ಮ ಬಿಂಗ್ ಗೆಳೆಯರೆಲ್ಲ ಹೇಗಿದ್ದಾರೆ ಅಂತ. ಆ ಮಾತುಕತೆಯಲ್ಲಿ ಏನೋ ಎಳೆ ಕಂಡು, ಮುಂದೆ ಆ ಮಕ್ಕಳನ್ನು ಹುಡುಕಿಸಿದರು. ಕಾದವರಿಗೆ ಎಸ್‌ಎಟಿ ಅನ್ನುವ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಅಂತ 1990ರ ಪ್ರಬಂಧ. ಸರಿ. ಆದರೆ ಆ ಸಂಬಂಧ ಕಂಡದ್ದು ಒಂದೇ ಒಂದು ಬಗೆಯಲ್ಲಿ: ತಿಂಡಿ ಕಣ್ಣೆದುರೇ ಇತ್ತು, ಯಾವ ಉಪಾಯವನ್ನೂ ಹೇಳಿಕೊಟ್ಟಿರಲಿಲ್ಲ. ಅಂಕ ಸಿಕ್ಕ ಮಕ್ಕಳು ಆ ಗುಂಪಿನಲ್ಲಿ 35. ಗುಂಪು ಸಣ್ಣದು, ಈ ಸಂಬಂಧ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿರಬಹುದು ಅಂತ ಪ್ರಬಂಧದಲ್ಲೇ ಬರೆದಿದ್ದರು. ಎಚ್ಚರಿಕೆಯ ಆ ಸಾಲನ್ನು ಯಾರೂ ಸ್ಲೈಡ್ ಮೇಲೆ ಹಾಕುವುದಿಲ್ಲ. ಅದರಿಂದ ಕೋರ್ಸ್ ಮಾರಾಟ ಆಗುವುದಿಲ್ಲ.

2012ರಲ್ಲಿ ರಾಚೆಸ್ಟರ್‌ನಲ್ಲಿ ಒಂದು ಪ್ರಯೋಗ ನಡೆಯಿತು. 28 ಮಕ್ಕಳು. ಅರ್ಧ ಮಕ್ಕಳಿಗೆ ಮೊದಲು ಒಳ್ಳೆಯ ಬಣ್ಣದ ಕಡ್ಡಿ ತಂದುಕೊಡ್ತೀನಿ ಅಂತ ಹೇಳಿ, ಆಮೇಲೆ ಇಲ್ಲ ಅಂದುಬಿಟ್ಟರು. ಇನ್ನರ್ಧಕ್ಕೆ ಹೇಳಿದ ಹಾಗೆ ತಂದುಕೊಟ್ಟರು. ಅದಾದ ಮೇಲೆ ಮಾರ್ಷ್‌ಮ್ಯಾಲೋ. ಮಾತು ಉಳಿಸಿಕೊಂಡವರ ಎದುರು ಮಕ್ಕಳು ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರ ಎದುರು ಮೂರು. 2018ರಲ್ಲಿ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದರು. ಕಾಯುವುದಕ್ಕೂ ಮುಂದಿನ ಅಂಕಕ್ಕೂ ಇದ್ದ ಸಂಬಂಧ ಮೊದಲಿನ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿಗತಿ, ಎಳವೆಯ ಬುದ್ಧಿಶಕ್ತಿ ಎಲ್ಲ ಸೇರಿಸಿ ನೋಡಿದರೆ ಅದರಲ್ಲೂ ಮೂರರಲ್ಲಿ ಎರಡು ಪಾಲು ಮಾಯ. ಪತ್ರಿಕೆಗಳು 'ಮಿಶೆಲ್ ಸೋತರು' ಅನ್ನುವ ಧಾಟಿಯಲ್ಲಿ ಬರೆದವು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮನೆ, ನಂಬಿಕೆ, ಸಂದರ್ಭ ಅಂತ ಆ ಮನುಷ್ಯ ಟ್ರಿನಿಡಾಡ್‌ನಲ್ಲೇ ಹೇಳಿದ್ದನ್ನು ಅರವತ್ತು ವರ್ಷ ಆದ ಮೇಲೆ ಅವರ ತಲೆಗೇ ಕುಟ್ಟಿದ ಹಾಗಾಯಿತು.

ನಮ್ಮ ಮನೆಯವರು ಪಕ್ಕದಲ್ಲಿ ಕೂತು ಇದನ್ನು ಓದುತ್ತಿದ್ದಾರೆ. "ಹುಟ್ಟುಗುಣ ಸುಟ್ಟರೂ ಹೋಗದು ಅಂತ ಸುಮ್ನೆ ಹೇಳ್ತಾರಾ? ನಿನ್ನ ಸಿಟ್ಟು ಮೂವತ್ತು ವರ್ಷದಿಂದ ನೋಡ್ತಿದ್ದೀನಿ" ಅಂತ ಒಗ್ಗರಣೆ ಬೇರೆ. ಸರಿ, ಅದಕ್ಕೂ ಜಾಗ ಕೊಡೋಣ. ಒಂದು ದಿನದ ನಡತೆ ನೋಡದೆ ಹಲವು ದಿನಗಳ ಸರಾಸರಿ ತೆಗೆದರೆ ಸ್ವಭಾವ ಸಾಕಷ್ಟು ಸ್ಥಿರವಾಗಿ ಕಾಣುತ್ತೆ ಅಂತ ಎಪ್‌ಸ್ಟೈನ್ 1979ರಲ್ಲಿ ತೋರಿಸಿದರು. ಈಗ 'ಬಿಗ್ ಫೈವ್' ಅಂತ ಐದು ಗುಣಗಳ ಲೆಕ್ಕ ಎಲ್ಲ ಕಡೆ ನಡೆಯುತ್ತಿದೆ. ಸ್ವಭಾವವೇ ಇಲ್ಲ ಅಂತ ನಾನೂ ಹೇಳುತ್ತಿಲ್ಲ, ಮಿಶೆಲ್ ಕೂಡ ಹೇಳಲಿಲ್ಲ. ಆದರೆ ಸರಾಸರಿಗೆ ಹಲವು ದಿನ ಬೇಕು ಸ್ವಾಮಿ. ಆ ಕೋಟಿನವನು ನೋಡಿದ್ದು ಐದು ನಿಮಿಷ. ಅದರಲ್ಲೂ ನಮ್ಮ ಹುಡುಗನನ್ನು ಹತ್ತು ಸೆಕೆಂಡು. ಮತ್ತೆ ನನ್ನ ಸಿಟ್ಟಿನ ಬಗ್ಗೆ ಮೂವತ್ತು ವರ್ಷದ ಸಾಕ್ಷಿ ಹೇಳುವವರು, ನಾನು ಯಾರ ಎದುರು ಸಿಟ್ಟು ಮಾಡಿಕೊಳ್ಳುತ್ತೇನೆ ಅನ್ನುವುದನ್ನೂ ಸ್ವಲ್ಪ ಬರೆದಿಟ್ಟುಕೊಳ್ಳಲಿ.

ಮಿಶೆಲ್ ಮಾಡಿದ್ದು ಅದನ್ನೇ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವೆಡಿಕೊ ಅಂತ ಬೇಸಿಗೆ ಶಿಬಿರ. ತೊಂದರೆಯ ನಡತೆ ಇರುವ ಮಕ್ಕಳು ಬರುವ ಜಾಗ. ಅವರನ್ನು ವಾರಗಟ್ಟಲೆ ನೋಡಿ ಬರೆದುಕೊಂಡರು. ಓರಗೆಯವರು ರೇಗಿಸಿದಾಗ ಏನು ಮಾಡುತ್ತಾನೆ? ದೊಡ್ಡವರು ಹೊಗಳಿದಾಗ? ಎಚ್ಚರಿಸಿದಾಗ? ಶಿಕ್ಷೆ ಕೊಟ್ಟಾಗ? ಜಗಳಗಂಟ ಅನ್ನಿಸಿಕೊಂಡ ಇಬ್ಬರ ಜಗಳದ ಲೆಕ್ಕ ಒಟ್ಟು ಒಂದೇ ಇರಬಹುದು. ಆದರೆ ಒಬ್ಬ ಗೆಳೆಯರು ರೇಗಿಸಿದರೆ ಮಾತ್ರ ಕೈ ಎತ್ತುತ್ತಾನೆ. ಇನ್ನೊಬ್ಬ ದೊಡ್ಡವರು ಗದರಿದರೆ ಮಾತ್ರ. ಹೀಗಾದರೆ ಹಾಗೆ ಅನ್ನುವ ಈ ಕಟ್ಟು ಒಬ್ಬೊಬ್ಬರಿಗೂ ಬೇರೆ, ಮತ್ತೆ ಅದು ಸ್ಥಿರ. ಸ್ವಭಾವ ಇರುವುದು ಅಲ್ಲಿ ಅಂದರು. ಯುಯಿಚಿ ಶೋಡಾ ಜೊತೆ 1995ರಲ್ಲಿ ಇದನ್ನೆಲ್ಲ ಒಂದು ಸಿದ್ಧಾಂತ ಮಾಡಿದರು. ನನಗೆ ಕೇಳಿದರೆ ಅವರ ನಿಜವಾದ ದೊಡ್ಡ ಕೆಲಸ ಇದು. ಇದರ ಬಗ್ಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬರಲಿ ನೋಡೋಣ! ಬರುವುದಿಲ್ಲ. ಇದನ್ನು ಸ್ಟಿಕ್ಕರ್ ಮೇಲೆ ಬರೆಯಲು ಜಾಗ ಸಾಲದು.

ನಮ್ಮ ಹುಡುಗನ ಕಟ್ಟು ಹೇಳುತ್ತೇನೆ ಕೇಳಿ. ಹೋದ ಭಾನುವಾರ ಪಕ್ಕದ ಮನೆ ಮಾಮನ ಜೊತೆ ತುಂಗೆಯ ದಡದಲ್ಲಿ ಗಾಳ ಹಿಡಿದು ಕೂತಿದ್ದ. ಎರಡು ಗಂಟೆ. ಮಾತಿಲ್ಲ, ಕದಲಿಲ್ಲ. ಸಿಕ್ಕಿದ್ದು ಬೆರಳುದ್ದದ ಒಂದು ಮೀನು, ಅದನ್ನೂ ವಾಪಸ್ ನೀರಿಗೆ ಬಿಟ್ಟ. ಇಂಪಲ್ಸಿವ್ ಅಂತೆ!

ಮಿಶೆಲ್ ಬಗ್ಗೆ ನನಗೆ ತುಂಬ ಇಷ್ಟವಾಗುವುದು ಅವರೇನೂ ತಾಳ್ಮೆಯ ಮೂರ್ತಿ ಆಗಿರಲಿಲ್ಲ ಅನ್ನುವುದು. ದಿನಕ್ಕೆ ಮೂರು ಪ್ಯಾಕ್ ಸಿಗರೇಟ್, ಸಾಲದ್ದಕ್ಕೆ ಪೈಪು. ಆಸೆ ತಡೆಯುವುದು ಹೇಗೆ ಅಂತ ಮಕ್ಕಳನ್ನು ಪರೀಕ್ಷಿಸುವ ಪ್ರೊಫೆಸರ್ ಹೊಗೆ ಬಿಡುತ್ತ ಕೂತಿರುವುದನ್ನು ಊಹಿಸಿಕೊಳ್ಳಿ. ಒಂದು ದಿನ ಸ್ಟ್ಯಾನ್‌ಫರ್ಡ್ ಆಸ್ಪತ್ರೆಯ ಓಣಿಯಲ್ಲಿ ಒಬ್ಬ ಕ್ಯಾನ್ಸರ್ ರೋಗಿಯನ್ನು ತಳ್ಳಿಕೊಂಡು ಹೋಗುತ್ತಿದ್ದರು. ಬೋಳಿಸಿದ ತಲೆ, ಎದೆಯ ಮೇಲೆ ಹಸಿರು ಬಣ್ಣದ ಗುರುತು. ರೇಡಿಯೇಷನ್ ಕೊಡುವ ಜಾಗ ಅದು ಅಂತ ನರ್ಸ್ ಹೇಳಿದರು. ಆಮೇಲೆ ಸಿಗರೇಟಿನ ಆಸೆ ಬಂದಾಗಲೆಲ್ಲ ಆ ಚಿತ್ರವನ್ನೇ ಕಣ್ಮುಂದೆ ತಂದುಕೊಂಡರು. ಮೂರು ವರ್ಷದ ಮಗಳ ಜೊತೆ ಒಂದು ಒಪ್ಪಂದವನ್ನೂ ಮಾಡಿಕೊಂಡರು: ನೀನು ಬೆರಳು ಚೀಪುವುದು ಬಿಡು, ನಾನು ಪೈಪ್ ಚೀಪುವುದು ಬಿಡ್ತೀನಿ. ಇಬ್ಬರೂ ಬಿಟ್ಟರು. ಇಂಥವರ ಫೋಟೋ ಹಾಕಿ ಮಗುವಿಗೆ ಕೆಂಪು ಸ್ಟಿಕ್ಕರ್!

2018ರ ಸೆಪ್ಟೆಂಬರ್‌ನಲ್ಲಿ, 88ನೇ ವಯಸ್ಸಿನಲ್ಲಿ ಮಿಶೆಲ್ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಸತ್ತ ಸುದ್ದಿಯ ತಲೆಬರಹಗಳಲ್ಲೂ ಮಾರ್ಷ್‌ಮ್ಯಾಲೋನೇ.

ವಾಪಸ್ ಬರುವಾಗ ಆಟೋದಲ್ಲಿ ತಂಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಡುಗ ನಮ್ಮಿಬ್ಬರ ಹಿಂದೆ ಸೀಟಿನ ಮೇಲೆ ಮಂಡಿಯೂರಿ, ನನ್ನ ಬೆನ್ನಿಗೆ ಜೋತುಬಿದ್ದಿದ್ದ. "ಯಾಕೋ ಪುಟ್ಟ, ಐದು ನಿಮಿಷ ಕಾದಿದ್ರೆ ಎರಡು ಸಿಕ್ತಿತ್ತಲ್ಲ?" ಅಂದೆ. ಅವನಿಗೆ ಪ್ರಶ್ನೆಯೇ ಪೆದ್ದು ಅನ್ನಿಸಿತು. "ಎರಡು ಸಿಕ್ಕಿದ್ರೆ ಒಂದು ಅಕ್ಕಂಗೆ ಕೊಡು ಅಂತಾಳೆ ಅಮ್ಮ. ಆಗ್ಲೂ ನಂಗೆ ಒಂದೇ. ಮತ್ಯಾಕೆ ಕಾಯ್ಬೇಕು ದೊಡ್ಡಮ್ಮ?"

ತಂಗಿ ಅಳು ನಿಲ್ಲಿಸಿದಳು. ನಾನಂತೂ ಮನೆವರೆಗೂ ನಕ್ಕಿದ್ದೇ ನಕ್ಕಿದ್ದು. ಅಂಗಡಿಯಲ್ಲಿ ಇಳಿದು ಹಾಲು ತಗೊಂಡೆ, ಬೀದಿಯ ಕೊನೆಯಲ್ಲಿ ಇಬ್ಬರ ಹತ್ತಿರ ನಿಂತು ಈ ಕಥೆ ಹೇಳಿದೆ. ಅವರೂ ಯಾಕೋ ಜಾಸ್ತಿನೇ ನಕ್ಕರು. ಮನೆಗೆ ಬಂದು ಸೀರೆ ಬದಲಿಸುವಾಗ ಗೊತ್ತಾಯಿತು. ಬೆನ್ನ ಮೇಲೆ, ಸೆರಗಿನ ನಟ್ಟನಡುವೆ, ಕೆಂಪು ಸ್ಟಿಕ್ಕರ್.